ಸಿದ್ದಿ ಕಲಾವಿದರೂ ನಮ್ಮ ಆಫ್ರಿಕಾ ಹುಡುಕಾಟವೂ

ಶಿರಸಿ, ೧೮ ಫೆಬ್ರವರಿ ೨೦೨೪, ಭಾನುವಾರ

ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಿಂದ ಒಳದಾರಿ ಹಿಡಿದು ಹೋದರೆ ಸಿಗುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಜಿರೆಯೊಂದರಲ್ಲಿ ಇಂದು ಬೆಳಗಿನಿಂದ ಸಂಜೆಯವರೆಗೂ ಇದ್ದೆ. ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ, ಸಿದ್ದಿಗಳು ವಾದ್ಯ ಬಾರಿಸಿ ಹಾಡಿ ಕುಣಿಯುವ ಡಮಾಮಿಯ ತಂಡವೊಂದನ್ನು ಕರೆತರುವ ಹೊಣೆ ಈ ವರ್ಷ ನನ್ನ ಪಾಲಿಗೆ ಬಂದಿದೆ. ಧಾರವಾಡದಿಂದ ಬಂದಿದ್ದ ಚಿತ್ರಕಲಾ ಶಿಕ್ಷಕ ಮಿತ್ರರೊಬ್ಬರಿಗೆ ಕೌದಿ ಹೊಲಿಯುವುದನ್ನು ಕಣ್ಣಾರೆ ನೋಡುವ ಆಸೆಯಿದ್ದುದರಿಂದ ಅವರೂ ಜೊತೆಗೂಡಿದರು. ದಾರಿಯುದ್ದಕ್ಕೂ ಅವರ ಮಾತು ಒಂದೇ ವಿಷಯದ ಸುತ್ತ ತಿರುಗುತ್ತಿತ್ತು: ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವೆಗೆ ಗುಲಾಮರನ್ನಾಗಿ ತಂದ ಜನರು, ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು, ತಮ್ಮೊಡನೆ ಆಫ್ರಿಕಾದ ಯಾವ ಕಲೆಯನ್ನು ಉಳಿಸಿಕೊಂಡು ಬಂದರು ಎಂಬುದು. ಪ್ರಶ್ನೆ ತಪ್ಪೇನಲ್ಲ. ಆದರೆ ಅದನ್ನೇ ಮೊದಲ ಪ್ರಶ್ನೆಯನ್ನಾಗಿಯೂ ಕೊನೆಯ ಪ್ರಶ್ನೆಯನ್ನಾಗಿಯೂ ಇಟ್ಟುಕೊಂಡು ಹೋದವರಿಗೆ ಕಣ್ಣೆದುರಿಗೆ ಕುಳಿತು ಕೆಲಸ ಮಾಡುತ್ತಿರುವ ಕಲಾವಿದೆ ಕಾಣಿಸುವುದೇ ಇಲ್ಲ ಎಂಬುದು ಇಂದು ನನಗೆ ಸ್ಪಷ್ಟವಾಯಿತು.

ನಾವು ಹೋದಾಗ ಮನೆಯ ಅಂಗಳದಲ್ಲಿ, ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಹಳೆಯ ಹತ್ತಿ ಸೀರೆಯೊಂದನ್ನು ಮಡಿಸಿ ಹಾಸಿ, ಅದರ ಒಂದು ಮೂಲೆಯಲ್ಲಿ ಆಗಲೇ ಕೆಲಸ ಆರಂಭಿಸಿದ್ದರು. ಗೆರೆ ಎಳೆದಿರಲಿಲ್ಲ, ಅಳತೆಪಟ್ಟಿ ಇರಲಿಲ್ಲ, ಚೌಕಟ್ಟಿಗೆ ಬಟ್ಟೆಯನ್ನು ಬಿಗಿದಿರಲೂ ಇಲ್ಲ. ಪಕ್ಕದಲ್ಲಿ ಚಿಂದಿಯ ಗಂಟೊಂದಿತ್ತು. ಅದರೊಳಗೆ ಮಗಳ ಹಳೆಯ ಲಂಗ, ಶಾಲೆಯ ಸಮವಸ್ತ್ರದ ನೀಲಿ ಬಟ್ಟೆ, ಲುಂಗಿಯ ತುಂಡು, ಜರಿಯಂಚಿನ ಹರಿದ ರವಿಕೆ ಇದ್ದವು. ಒಂದು ತುಂಡನ್ನು ತೆಗೆದು, ಅಂಚನ್ನು ಬೆರಳಿನಿಂದಲೇ ಒಳಮಡಿಸಿ, ಸೀರೆಯ ಪದರಗಳೆಲ್ಲವನ್ನೂ ಹಿಡಿಯುವಂತೆ ಸಣ್ಣ ಸಣ್ಣ ಟಾಕು ಹಾಕುತ್ತ ಅವರು ಅಂಚಿನ ಉದ್ದಕ್ಕೂ ಸಾಗುತ್ತಿದ್ದರು. ಸಿದ್ದಿಯರ ಕೌದಿ ಬೆಳೆಯುವ ಕ್ರಮವೇ ಇದು. ಮೂಲೆಯಿಂದ ಹೊರಟು ನಾಲ್ಕೂ ಅಂಚುಗಳನ್ನು ಸುತ್ತಿ, ಮತ್ತೆ ಒಳಸುತ್ತಿಗೆ ಇಳಿದು, ಸುತ್ತು ಸುತ್ತಾಗಿ ಒಳಸರಿಯುತ್ತ ಕೊನೆಗೆ ನಡುವನ್ನು ತಲುಪುತ್ತದೆ. ತೇಪೆ ಬೇರೆ, ಹೊಲಿಗೆ ಬೇರೆ ಎಂಬ ಹಂತಗಳಿಲ್ಲ. ತೇಪೆ ಕೂರಿಸುವ ಟಾಕೇ ಪದರಗಳನ್ನೂ ಬಂಧಿಸುತ್ತದೆ, ಅದೇ ಟಾಕಿನ ಸಾಲೇ ಮೇಲ್ಮೈಗೆ ಒಂದು ಓಟವನ್ನೂ ಕೊಡುತ್ತದೆ.

ಯಾವ ತುಂಡಿನ ಪಕ್ಕ ಯಾವ ತುಂಡು ಎಂಬುದನ್ನು ಅವರು ಹೇಗೆ ನಿರ್ಧರಿಸುತ್ತಾರೆಂದು ನಾನು ಬಹಳ ಹೊತ್ತು ನೋಡಿದೆ. ಒಂದು ಕಡೆ ಅಚ್ಚ ಕೆಂಪನ್ನು ಇಟ್ಟು, ತಲೆ ಓರೆ ಮಾಡಿ ನೋಡಿ, ತೆಗೆದು, ಹಳದಿ ಚುಕ್ಕೆಯ ಬಟ್ಟೆಯನ್ನು ಇಟ್ಟರು. ಅದನ್ನೂ ತೆಗೆದು ಮತ್ತೆ ಕೆಂಪನ್ನೇ ಇಟ್ಟರು, ಆದರೆ ಈ ಸಲ ಅಡ್ಡಕ್ಕೆ ತಿರುಗಿಸಿ. ದೊಡ್ಡ ತೇಪೆಗಳ ಮೇಲೆ ಹಣೆಯ ಬೊಟ್ಟಿನಷ್ಟೇ ಚಿಕ್ಕದಾದ ತುಂಡುಗಳನ್ನೂ ಕೂರಿಸುತ್ತಾರೆ. ಅವಕ್ಕೆ ಟಿಕಲಿ ಎನ್ನುತ್ತಾರೆ. ಅವುಗಳಿಂದ ಬೆಚ್ಚಗಾಗುವುದೇನೂ ಇಲ್ಲ, ಅವು ಇರುವುದು ಕಣ್ಣಿಗಾಗಿಯೇ. ಕೌದಿ ಮುಗಿದಾಗ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ತ್ರಿಕೋನಾಕಾರವಾಗಿ ಪದರ ಪದರವಾಗಿ ಮಡಿಸಿದ ಫುಲ ಎಂಬ ಗೊಂಡೆಯನ್ನು ಹೊಲಿಯಬೇಕು. ಫುಲ ಇಲ್ಲದ ಕೌದಿಯನ್ನು ಅವರು ಮುಗಿದದ್ದೆಂದು ಎಣಿಸುವುದಿಲ್ಲ. ಹಳಿಯಾಳದ ಕಡೆಯ ಕ್ರೈಸ್ತ ಸಿದ್ದಿಯರ ಕೌದಿಗಳಲ್ಲಿ ಶಿಲುಬೆಯ ಆಕಾರವೂ ಮುಸ್ಲಿಂ ಸಿದ್ದಿಯರ ಕೌದಿಗಳಲ್ಲಿ ಕೆಲವೊಮ್ಮೆ ಚಂದ್ರರೇಖೆಯೂ ಕಾಣಿಸಿಕೊಳ್ಳುತ್ತವೆ. ಯಲ್ಲಾಪುರ, ಅಂಕೋಲಾ ಕಡೆಯ ಸಿದ್ದಿಗಳಲ್ಲಿ ಹಿಂದೂಗಳೇ ಹೆಚ್ಚು. ಮೂರು ಧರ್ಮದವರ ಮನೆಗಳಲ್ಲಿಯೂ ಹೊಲಿಗೆಯ ಕ್ರಮ ಮಾತ್ರ ಒಂದೇ.

ಗೆಳೆಯರು ಮೆಲ್ಲನೆ ತಮ್ಮ ಪ್ರಶ್ನೆಯನ್ನು ಮುಂದಿಟ್ಟರು: ಈ ವಿನ್ಯಾಸ ಆಫ್ರಿಕಾದಿಂದ ಬಂದದ್ದೇ? ಆಕೆ ಸೂಜಿ ನಿಲ್ಲಿಸಲಿಲ್ಲ. "ಅದೆಲ್ಲ ನಂಗೆ ಗೊತ್ತಿಲ್ರಾ ಮಾಸ್ತರ್ರೇ, ನಮ್ಮ ಅವ್ವ ಹಿಂಗೇ ಹೊಲೀತಿತ್ತು. ಆದ್ರೆ ಅವ್ವ ಇಷ್ಟು ಕೆಂಪು ಹಾಕ್ತಿರ್ಲಿಲ್ಲ, ಅದು ನಂದು" ಎಂದರು. ನನ್ನ ಮಟ್ಟಿಗೆ ಇಡೀ ದಿನದ ಮುಖ್ಯ ಮಾತು ಅದೇ. ಪರಂಪರೆ ಎಲ್ಲಿಗೆ ಮುಗಿಯಿತು, ತನ್ನದು ಎಲ್ಲಿಂದ ಆರಂಭವಾಯಿತು ಎಂಬುದನ್ನು ಅಷ್ಟು ಖಚಿತವಾಗಿ ಬಲ್ಲವರನ್ನು ಕಲಾವಿದೆ ಎನ್ನದೆ ಬೇರೇನೆನ್ನಬೇಕು? ಗೆಳೆಯರು ಆ ಮಾತಿನ ಮೊದಲರ್ಧವನ್ನಷ್ಟೇ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಕೌದಿಯನ್ನು ಹೊರಗಿನ ಜಗತ್ತು ಕಲೆಯೆಂದು ನೋಡತೊಡಗಿದ್ದರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಪಾತ್ರ ದೊಡ್ಡದು. ಪಶ್ಚಿಮ ಆಫ್ರಿಕಾದ ಯೊರುಬಾ ಕಲೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಅವರು ಈ ಶತಮಾನದ ಮೊದಲ ದಶಕದಲ್ಲಿ ಉತ್ತರ ಕನ್ನಡಕ್ಕೆ ಬಂದು ಸಿದ್ದಿಯರ ನಡುವೆ ಕೆಲಸ ಮಾಡಿದರು. ಮಾರಾಟಕ್ಕೆ ಅನುಕೂಲವಾಗಲೆಂದು ಹೊಲಿಯುವ ಹೆಂಗಸರ ಸಹಕಾರ ಸಂಘಕ್ಕೂ ನೆರವಾದರು. ೨೦೧೧ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಆಫ್ರಿಕನ್ ವಲಸಿಗರ ಕಲೆಯ ಮ್ಯೂಸಿಯಂನಲ್ಲಿ ಈ ಕೌದಿಗಳ ಪ್ರದರ್ಶನವೂ ನಡೆಯಿತು. ಮಳೆಗಾಲದ ಥಂಡಿಗೆ ಮಕ್ಕಳ ಮೈ ಮುಚ್ಚುತ್ತಿದ್ದ ಹೊದಿಕೆ ಗೋಡೆಯ ಮೇಲೆ ಏರಿದಾಗ ಅಲ್ಲಿನ ನೋಡುಗರಿಗೆ ಸಹಜವಾಗಿಯೇ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರ ಕೌದಿಗಳು ನೆನಪಾಗುತ್ತವೆ. ಅಲ್ಲಿಯೂ ಹಳೆಯ ಕೆಲಸದ ಬಟ್ಟೆಗಳೇ, ಅಲ್ಲಿಯೂ ಗೆರೆ ಹಾಕದೆ ಹೊಲಿಯುವ ಕೈಗಳೇ.

ಆದರೆ ಹೋಲಿಕೆಯನ್ನು ಬಣ್ಣ ಮತ್ತು ಆಕಾರಕ್ಕೇ ನಿಲ್ಲಿಸಿದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಗೀಸ್ ಬೆಂಡ್‌ನ ಬಹಳಷ್ಟು ಹೆಂಗಸರ ಮನೆಹೆಸರು ಪೆಟ್‌ವೇ. ಅದು ಅವರ ಹಿರಿಯರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಒಡೆಯನ ಹೆಸರು. ಹಾಗಿದ್ದರೂ ಅಲ್ಲಿನ ಕೌದಿಗಳು ಲೊರೆಟಾ ಪೆಟ್‌ವೇ ಅವರದು, ಮೇರಿ ಲೀ ಬೆಂಡಾಲ್ಫ್ ಅವರದು ಎಂದು ಒಬ್ಬೊಬ್ಬರ ಹೆಸರಿನಲ್ಲಿಯೇ ಗುರುತಿಸಲ್ಪಡುತ್ತವೆ. ೨೦೦೬ರಲ್ಲಿ ಅಮೆರಿಕದ ಅಂಚೆ ಇಲಾಖೆ ಆ ಕೌದಿಗಳ ಅಂಚೆಚೀಟಿಗಳನ್ನು ಹೊರತಂದಿತು. ಮರುವರ್ಷವೇ ಕೆಲವು ಹೆಂಗಸರು ತಮಗೆ ಸಲ್ಲಬೇಕಾದ ಪಾಲು ಸಂದಿಲ್ಲವೆಂದು ನ್ಯಾಯಾಲಯಕ್ಕೂ ಹೋದರು. ನನ್ನದೆಂದು ಹೇಳಿಕೊಳ್ಳಲು ಹೆಸರಿದ್ದಾಗಲೇ ಪಾಲು ಕೇಳುವುದಕ್ಕೂ ಬರುತ್ತದೆ. ನಾನು ಕಳೆದ ವರ್ಷ ನೋಡಿದ ಕರಕುಶಲ ಮೇಳವೊಂದರಲ್ಲಿ ಕೌದಿಗಳ ಪಕ್ಕದ ಚೀಟಿಯಲ್ಲಿ 'ಸಿದ್ದಿ ಬುಡಕಟ್ಟಿನ ಕೌದಿ' ಎಂದಷ್ಟೇ ಇತ್ತು. ಹೊಲಿದವರು ಯಾರೆಂದು ಕೇಳಿದರೆ ಮಳಿಗೆಯಲ್ಲಿದ್ದವರಿಗೆ ಗೊತ್ತಿರಲಿಲ್ಲ. ಇಡೀ ಸಮುದಾಯವೇ ಸೇರಿ ಒಂದು ಕೌದಿಯನ್ನು ಹೊಲಿಯುತ್ತದೆಯೇ?

(ಇಷ್ಟು ಬರೆದ ನಾನು ಇಂದು ಕಂಡ ಹೆಂಗಸಿನ ಹೆಸರನ್ನು ಏಕೆ ಬರೆದಿಲ್ಲ ಎಂದು ಓದುವವರು ಕೇಳಬಹುದು. ಬರೆಯಲೇ ಎಂದು ಅವರನ್ನೇ ಕೇಳಿದೆ. ಮೊಬೈಲಿನಲ್ಲಿ ಹೆಸರು ಬಂದರೆ ಕಂಡಕಂಡವರೆಲ್ಲ ಬಾಗಿಲಿಗೆ ಬರುತ್ತಾರೆ, ಬೇಡ. ಕೌದಿ ಕೊಂಡವರಿಗೆ ಮಾತ್ರ ಹೇಳಿ ಎಂದರು. ಹಾಗೆ ಮಾಡುತ್ತೇನೆ.)

ಇದೇ ಕರ್ನಾಟಕದಲ್ಲಿ ಸುಮಾರು ನಾಲ್ಕು ನೂರು ವರ್ಷಗಳ ಹಿಂದೆ ಪರಿಸ್ಥಿತಿ ಬೇರೆಯಾಗಿತ್ತು ಎಂಬುದನ್ನು ಗೆಳೆಯರಿಗೆ ನೆನಪಿಸಿದೆ. ವಿಜಯಪುರದ ಇಬ್ರಾಹಿಂ ರೋಜಾದ ಶಾಸನದಲ್ಲಿ ಅದನ್ನು ಕಟ್ಟಿಸಿದ ಮಲಿಕ್ ಸಂದಲ್‌ನ ಹೆಸರು ಕಲ್ಲಿನಲ್ಲಿಯೇ ಇದೆ. ಆತ ಹಬ್ಶಿ, ಅಂದರೆ ಆಫ್ರಿಕಾ ಮೂಲದವನೆಂದು ಇತಿಹಾಸಕಾರರು ಹೇಳುತ್ತಾರೆ. ಅಲ್ಲಿನ ಜಾಮಿ ಮಸೀದಿಯ ಚಿನ್ನದ ಬಣ್ಣದ ಮಿಹ್ರಾಬ್ (ಪ್ರಾರ್ಥನೆಯ ದಿಕ್ಕು ತೋರುವ ಗೋಡೆಯ ಗೂಡು) ೧೬೩೬ರದು. ಅದರಲ್ಲಿಯೂ ಸುಲ್ತಾನ ಮುಹಮ್ಮದನ ಗುಲಾಮನೆಂದು ಹೇಳಿಕೊಂಡ ಯಾಕೂತ್ ದಾಬುಲಿಯ ಹೆಸರು ಇದೆ. ಆಸ್ಥಾನದ ಹಬ್ಶಿಗಳಿಗೂ ಕಾಡಿನ ಸಿದ್ದಿಗಳಿಗೂ ನೇರ ಸಂಬಂಧ ಕಲ್ಪಿಸುವುದು ದುಡುಕಾದೀತು, ಅವರು ಬಂದ ದಾರಿಗಳೇ ಬೇರೆ. ನನಗೆ ಬೇಕಾದುದು ಇಷ್ಟೇ: ಗುಲಾಮನ ಹೆಸರನ್ನೂ ಬರೆಸಿದ ನಾಡಿನಲ್ಲಿ ನಾವು ಸ್ವತಂತ್ರ ಪ್ರಜೆಯ ಹೆಸರನ್ನು ಚೀಟಿಯಲ್ಲಿ ಬರೆಯುವುದಿಲ್ಲ.

ಊಟವಾದ ಮೇಲೆ ಡಮಾಮಿಯ ಮಾತಿಗೆ ಬಂದೆವು. ತಂಡದ ಮುಂದಾಳು ಇಪ್ಪತ್ತೈದರ ಯುವಕ. ಮರದ ದಿಮ್ಮಿಯನ್ನು ಕೊರೆದು ಮಾಡಿದ ವಾದ್ಯವನ್ನು ಅವನು ಒಳಗಿನಿಂದ ತಂದು ತೋರಿಸಿದ. ಮುತ್ತಜ್ಜನ ಕಾಲದಲ್ಲಿ ಜಿಂಕೆಯ ಚರ್ಮ ಕಟ್ಟುತ್ತಿದ್ದರಂತೆ, ಈಗ ಆಡಿನದು; ಬೇಟೆ ಕಾನೂನಿಗೆ ವಿರುದ್ಧವಾಗಿ ಬಹಳ ಕಾಲವಾಯಿತು. ಹಿರಿಯರ ಪೂಜೆಯಲ್ಲಿ, ಮದುವೆಯಲ್ಲಿ, ಸುಗ್ಗಿಯಲ್ಲಿ ಇದನ್ನು ಬಾರಿಸುತ್ತಾರೆ. ಬೇಟೆಯ, ಜೇನು ಕೀಳುವ, ಗದ್ದೆ ಕೆಲಸದ ಅನುಕರಣೆ ಕುಣಿತದೊಳಗೆ ಬರುತ್ತದೆ, ಹೆಂಗಸರು ಪುಗಡಿ ಎಂಬ ಕುಣಿತ ಆಡುತ್ತಾರೆ. ಹಾಡುಗಳು ಸಿದ್ದಿಗಳ ಕೊಂಕಣಿಯಲ್ಲಿವೆ, ಕನ್ನಡವೂ ಮರಾಠಿಯೂ ನಡುನಡುವೆ ಬೆರೆಯುತ್ತವೆ. ಒಂದೆರಡು ಪಟ್ಟು ಬಾರಿಸಿ ತೋರಿಸಿದಾಗ, ಎಡಗೈ ಒಂದೇ ನಡೆಯನ್ನು ಹಿಡಿದಿರುವಾಗ ಬಲಗೈ ಬೇಕೆಂದೇ ತುಸು ತಡವಾಗಿ ಬೀಳುವುದನ್ನು ಗಮನಿಸಿದೆ. ಇದು ಹಿರಿಯರಿಂದ ಬಂದದ್ದೋ ನಿನ್ನದೋ ಎಂದೆ. "ಅಪ್ಪ ಹೀಗೆ ಬಾರಿಸಿದ್ರೆ ಬೈತಾನೆ ಸರ್" ಎಂದು ನಕ್ಕ.

ಅವನು ಕೇಳಿದ ಮೊದಲ ಪ್ರಶ್ನೆ ಸಂಭಾವನೆಯದಾಗಿರಲಿಲ್ಲ, ವೇಷದ್ದಾಗಿತ್ತು. ಹಿಂದೆ ಒಂದು ಸರ್ಕಾರಿ ಉತ್ಸವಕ್ಕೆ ಕರೆದವರು ಸೊಂಟಕ್ಕೆ ಸೊಪ್ಪು ಕಟ್ಟಿ, ಮುಖಕ್ಕೆ ಬಿಳಿ ಬಣ್ಣದ ಗೆರೆ ಎಳೆದುಕೊಂಡು, ತಲೆಗೆ ಗರಿ ಸಿಕ್ಕಿಸಿಕೊಂಡು ಬರಬೇಕೆಂದು ಹೇಳಿದ್ದರಂತೆ. ಅವನ ಮನೆಯಲ್ಲಿ ಹಿರಿಯರ ಪೂಜೆಗೆ ಬಾರಿಸುವಾಗ ಲುಂಗಿ, ಅಂಗಿಯೇ ಉಡುಪು. ಸೊಪ್ಪು ಕಟ್ಟುವುದರಲ್ಲಿ ಅವನಿಗೆ ಅಂಥ ಅವಮಾನವೇನೂ ಕಾಣುವುದಿಲ್ಲ. ಮೆರವಣಿಗೆಯಲ್ಲಿ ಅದು ಚೆನ್ನಾಗಿ ಕಾಣುತ್ತದೆ, ಮಕ್ಕಳಿಗೂ ಇಷ್ಟ ಎಂದ. ಯಾವಾಗ ಕಟ್ಟಬೇಕು ಎಂಬುದನ್ನು ತಂಡ ನಿರ್ಧರಿಸಬೇಕೇ ಹೊರತು ಕರೆದವರಲ್ಲ ಎಂಬುದು ಅವನ ವಾದ. ನಾನಾಗಿದ್ದರೆ ಸೊಪ್ಪನ್ನು ಸಾರಾಸಗಟು ನಿರಾಕರಿಸುತ್ತಿದ್ದೆ ಎಂದುಕೊಂಡೆ. ಆದರೆ ಅದೂ ಹೊರಗಿನವನ ಅಪ್ಪಣೆಯೇ ಆಗುತ್ತದೆ, ಅವನ ನಿಲುವು ನನ್ನದಕ್ಕಿಂತ ಸೂಕ್ಷ್ಮವಾಗಿದೆ.

ಈ ಪ್ರದೇಶದಲ್ಲಿ ಇಂಥ ಮಾತನಾಡುವ ಯುವಕರು ಸಿಗುವುದಕ್ಕೆ ರಂಗಭೂಮಿಯೂ ಒಂದು ಕಾರಣ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ ೧೯೮೦ರ ದಶಕದಲ್ಲಿಯೇ ಮಂಚಿಕೇರಿಯ ಸಿದ್ದಿಗಳೊಂದಿಗೆ ನಾಟಕ ಮಾಡಿಸಿತು. ರಂಗ ನಿರ್ದೇಶಕ ಚಿದಂಬರರಾವ್ ಜಂಬೆ ಅವರು ಆ ಕೆಲಸದಲ್ಲಿ ತೊಡಗಿದ್ದರು. ಅಡಿಕೆ ತೋಟ, ಗದ್ದೆಗಳ ಕೂಲಿಯನ್ನೇ ನೆಚ್ಚಿಕೊಂಡಿದ್ದವರು, ನಮ್ಮಂಥವರ ಮನೆಯ ಹಿತ್ತಲಿನಲ್ಲಿ ನಿಂತು ಮಾತನಾಡುತ್ತಿದ್ದವರು, ರಂಗದ ಮೇಲೆ ನಿಂತು ನಮ್ಮ ಕಡೆಗೆ ಮುಖ ಮಾಡಿ ಕನ್ನಡದಲ್ಲಿ ಮಾತನಾಡಿದ್ದು ಸಣ್ಣ ಸಂಗತಿಯಲ್ಲ. ಮುಂದೆ ಇಲ್ಲಿಂದ ನೀನಾಸಮ್ ರಂಗಶಿಕ್ಷಣ ಕೇಂದ್ರಕ್ಕೆ ಹೋದವರಲ್ಲಿ ಗಿರಿಜಾ ಸಿದ್ದಿ ನಟಿಯಾಗಿಯೂ ಗಾಯಕಿಯಾಗಿಯೂ ಹೆಸರಾದರು. ಪ್ರಶಾಂತ್ ಸಿದ್ದಿ ರಂಗಭೂಮಿಯಿಂದ ಚಲನಚಿತ್ರಕ್ಕೆ ಹೋಗಿ, ೨೦೧೧ರ 'ಪರಮಾತ್ಮ'ದ ನಂತರ ನಾಡಿಗೆಲ್ಲ ಪರಿಚಿತರಾದರು. ೨೦೨೧ರ 'ಸಲಗ' ಚಿತ್ರಕ್ಕೆ ಸಿದ್ದಿ ಕಲಾವಿದರು ಹಾಡಿದ 'ಟಿಣಿಂಗ ಮಿಣಿಂಗ ಟಿಶ್ಯಾ'ವಂತೂ ಮದುವೆ ಮನೆಗಳ ಧ್ವನಿವರ್ಧಕಗಳನ್ನೂ ಸೇರಿತು. ಆ ಹಾಡಿಗೆ ಕುಣಿದವರಲ್ಲಿ ಎಷ್ಟು ಮಂದಿ ಹಾಡಿದವರ ಹೆಸರು ಕೇಳಿದರೋ ನಾನರಿಯೆ.

ರಂಗಭೂಮಿಯ ಒಳ್ಳೆಯ ಗುಣವೆಂದರೆ ಪಾತ್ರ ಹಂಚುವಾಗ ನಟನ ಅಜ್ಜ ಎಲ್ಲಿಂದ ಬಂದನೆಂದು ಕೇಳಬೇಕಾಗಿಲ್ಲ. ಸಿನಿಮಾ ಹಾಗಲ್ಲ. ಗುಂಗುರು ಕೂದಲಿನ, ಕಪ್ಪು ಮೈಬಣ್ಣದ ನಟನಿಗೆ ಅದು ನಗಿಸುವ ಗೆಳೆಯನನ್ನೋ ಹೊಡೆದಾಡುವವನನ್ನೋ ಎತ್ತಿಟ್ಟಿರುತ್ತದೆ. ಡಮಾಮಿಯ ಯುವಕ ಊರಿನ ಯಕ್ಷಗಾನದಲ್ಲಿ ಈ ಸಲ ಬಬ್ರುವಾಹನನ ಪಾತ್ರ ಮಾಡುತ್ತಿದ್ದಾನೆ. ಅಲ್ಲಿ ಮುಖದ ಬಣ್ಣವನ್ನು ತೀರ್ಮಾನಿಸುವುದು ವೇಷದ ಕ್ರಮವೇ. ಗೆಳೆಯರಿಗೆ ಇದು ತುಸು ನಿರಾಸೆ ತಂದಿತು. ಸಿದ್ದಿಯೊಬ್ಬ ಯಕ್ಷಗಾನದ ಬಡಗುತಿಟ್ಟಿನ ಹೆಜ್ಜೆ ಹಾಕುವುದನ್ನು ಅವರು ತಮ್ಮ ಟಿಪ್ಪಣಿಯಲ್ಲಿ ಯಾವ ತಲೆಬರಹದ ಕೆಳಗೆ ಬರೆಯಬೇಕೆಂದು ತಿಳಿಯದೆ ಕುಳಿತಿದ್ದರು. ಹುಡುಗ ಮಾತ್ರ ಏರುಪದದ ಎರಡು ಸಾಲು ಹೇಳಿ ಹೆಜ್ಜೆ ಹಾಕಿ ತೋರಿಸಿದ, ಅಲ್ಲಿಯೂ ಒಂದು ಕಡೆ ತುಸು ತಡೆದೇ ಕಾಲು ಇಟ್ಟ.

೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತ ಮೇಲೆ ಓದಿದವರ ಸಂಖ್ಯೆ ಹೆಚ್ಚಿದೆ, ೨೦೨೦ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರೂ ಆದರು. ಹೀಗಿದ್ದರೂ ಬರೀ ಕಲೆಯಿಂದ ಬದುಕುತ್ತಿರುವವರು ಆ ಮಜಿರೆಯಲ್ಲಿ ಒಬ್ಬರೂ ಇಲ್ಲ. ಕೌದಿ ಹೊಲಿಯುವವರು ಕೊಯ್ಲಿನ ದಿನಗಳಲ್ಲಿ ಕೂಲಿಗೆ ಹೋಗುತ್ತಾರೆ, ಡಮಾಮಿ ಬಾರಿಸುವವನು ಯಲ್ಲಾಪುರದಲ್ಲಿ ಗಾರೆ ಕೆಲಸ ಮಾಡುತ್ತಾನೆ. ಕಾರ್ಯಕ್ರಮವೆಂದರೆ ಅವನಿಗೆ ಒಂದು ದಿನದ ಕೂಲಿ ಹೋದಂತೆ. ಸಂಭಾವನೆಯ ಚೆಕ್ಕು ಕೆಲವು ಕಡೆ ತಿಂಗಳುಗಟ್ಟಲೆ ಬಾರದೇ ಉಳಿದಿದೆ ಎಂದೂ ಹೇಳಿದ.

ರಾತ್ರಿ ಮನೆಗೆ ಬಂದು ವಾರ್ಷಿಕೋತ್ಸವ ಸಮಿತಿಗೆ ಪತ್ರ ಬರೆದಿದ್ದೇನೆ. ತಂಡದಲ್ಲಿ ಎಂಟು ಮಂದಿ; ಆಮಂತ್ರಣ ಪತ್ರಿಕೆಯಲ್ಲಿ 'ಸಿದ್ದಿ ನೃತ್ಯ' ಎಂದು ಮಾತ್ರ ಅಚ್ಚು ಹಾಕದೆ ಎಂಟೂ ಹೆಸರುಗಳನ್ನು, ಬಾರಿಸುವವರು ಯಾರು ಹಾಡುವವರು ಯಾರು ಎಂಬ ವಿವರದೊಂದಿಗೆ ಹಾಕಬೇಕು. ವೇಷದ ವಿಚಾರದಲ್ಲಿ ಸಮಿತಿ ಯಾವ ಸೂಚನೆಯನ್ನೂ ಕೊಡಕೂಡದು. ಸಂಭಾವನೆಯನ್ನು ಅಂದೇ ನಗದಾಗಿ, ಮರುದಿನದ ಕೂಲಿಯನ್ನೂ ಸೇರಿಸಿ ಕೊಡಬೇಕು. ಪ್ರಾಚಾರ್ಯರು ಮೊದಲಿನ ಎರಡಕ್ಕೆ ಒಪ್ಪಿಯಾರು. ಮೂರನೆಯದಕ್ಕೆ ಲೆಕ್ಕಪತ್ರದವರು ರಸೀದಿ ಕೇಳಿಯೇ ಕೇಳುತ್ತಾರೆ, ಅದರ ನಮೂನೆಯನ್ನು ನಾಳೆ ಬೆಳಿಗ್ಗೆ ಕಚೇರಿಯಿಂದ ತರಬೇಕು.