ಪೂರ್ತಿ ಒಂದು ನಿಮಿಷ

ಮಂಗಳೂರಿನಲ್ಲಿ ಮಳೆ ಹಿಡಿದರೆ ಮಕ್ಕಳ ಎಮರ್ಜೆನ್ಸಿ ತುಂಬಾ ಕೆಮ್ಮಿನದೇ ಸದ್ದು. ನನ್ನಂಥ ವಿದ್ಯಾರ್ಥಿಗಳಿಗೆ ಸಿಗುವುದು ತೂಕ ನೋಡುವ, ಉಸಿರು ಎಣಿಸುವ ಕೆಲಸ. ತೂಕ ಗೊತ್ತಾಗದೆ ಇಲ್ಲಿ ಔಷಧಿ ಇಲ್ಲ. ಪ್ಯಾರಾಸಿಟಮಾಲ್ ಕೂಡ ಕಿಲೋಗೆ 15 ಮಿಲಿಗ್ರಾಂ ಲೆಕ್ಕ.

ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅಳುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ. ಎರಡು ತಿಂಗಳಿಂದ ವರ್ಷದೊಳಗಿನ ಮಗುವಿಗೆ 50 ಮುಟ್ಟಿದರೆ ಜಾಸ್ತಿ, ಆಮೇಲೆ ಐದು ವರ್ಷದವರೆಗೆ 40.

ನಿನ್ನೆ ಎಂಟು ತಿಂಗಳ ಪಾಪು ಒಂದು ನನ್ನ ಸ್ಟೆತ್ ಹಿಡಿದುಕೊಂಡು ಸುಮ್ಮನಾಯಿತು. ಅಂಗಿ ಎತ್ತಿದೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಎಣಿಸಿದರೆ 64.

"ಬರೀ ಶೀತ ಅಲ್ವಾ ಡಾಕ್ಟ್ರೇ?" ಎಂದರು ಅಜ್ಜಿ. (ನಾನಿನ್ನೂ ಡಾಕ್ಟ್ರಲ್ಲ, ಇರಲಿ.) ಓಡಿಹೋಗಿ ಸೀನಿಯರ್ ಅವರನ್ನು ಕರೆದೆ. ಆಕ್ಸಿಜನ್ ಹಾಕಿದ ಕೂಡಲೇ ಅಜ್ಜಿಯ ಮೊದಲ ಪ್ರಶ್ನೆ: "ಗಂಜಿ ಕೊಡ್ಬಹುದಾ?"

"ಉಸಿರು ಸ್ವಲ್ಪ ಇಳೀಲಿ ಅಜ್ಜಿ, ಆಮೇಲೆ."