ನುನಾವಾಡಿಂಗ್‌ನ ಹೆಣ್ಣುಮಕ್ಕಳು

ನಿನ್ನೆ ಸಂಜೆ ಮಗಳನ್ನು ಕರೆದುಕೊಂಡು ಮೆಲ್ಬರ್ನ್‌ನ ಪೂರ್ವದ ಬಡಾವಣೆಯ ತಂಡ ನುನಾವಾಡಿಂಗ್ ಸ್ಪೆಕ್ಟರ್ಸ್‌ನ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಹೋಗಿದ್ದೆ. ಇದು ಎನ್‌ಬಿಎಲ್1 ಎಂಬ ಅರೆವೃತ್ತಿಪರ ಲೀಗ್. ವಾರವಿಡೀ ಬೇರೆ ಕೆಲಸ ಮಾಡಿ ವಾರಾಂತ್ಯಕ್ಕೆ ಅಂಕಣಕ್ಕಿಳಿಯುವವರೂ ಇಲ್ಲಿದ್ದಾರೆ.

1979ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಲೀಗ್ ಶುರುವಾದಾಗ ಮೊದಲ ತಂಡಗಳಲ್ಲಿ ಸ್ಪೆಕ್ಟರ್ಸ್ ಕೂಡ ಒಂದಾಗಿತ್ತು. ಪುರುಷರ ತಂಡ 1991ರ ಫೈನಲ್‌ನಲ್ಲಿ ಪರ್ತ್ ಎದುರು ಸೋತಿತು, ಆಮೇಲೆ ನೆರೆಯ ಸೇಂಟ್ಸ್ ತಂಡದ ಜೊತೆ ವಿಲೀನವಾಯಿತು. ಹೀಗೆ ಹುಟ್ಟಿದ ಮ್ಯಾಜಿಕ್ ತಂಡ 1992ರಲ್ಲೇ ಚಾಂಪಿಯನ್! ಸ್ಪೆಕ್ಟರ್ಸ್ ಹೆಸರು ಮಾತ್ರ ಕೆಳಗಿನ ಲೀಗಿನಲ್ಲಿ ಉಳಿಯಿತು.

ನನ್ನನ್ನು ಕಾಡುವುದು ಮಹಿಳೆಯರ ತಂಡ. 1983ರಿಂದ 1989ರವರೆಗಿನ ಏಳು ವರ್ಷಗಳಲ್ಲಿ ಆರು ರಾಷ್ಟ್ರೀಯ ಪ್ರಶಸ್ತಿ, ಅದರಲ್ಲೂ ಕೊನೆಯ ನಾಲ್ಕು ಸತತವಾಗಿ! ಮುಂದೆ 1997ರಲ್ಲಿ ಅಮೆರಿಕದ ಮಹಿಳಾ ಲೀಗ್‌ನ ಮೊದಲ ಋತುವಿನಲ್ಲೇ ಆಡಿದ ಮಿಷೆಲ್ ಟಿಮ್ಸ್ ಈ ತಂಡದಲ್ಲಿದ್ದವರು. ಒಂದು ಬಡಾವಣೆಯ ಕ್ಲಬ್ ಇಡೀ ದೇಶವನ್ನು ಇಷ್ಟು ಕಾಲ ಆಳಿತ್ತು ಎನ್ನುವುದನ್ನು ನೆನೆದರೆ ಮೈ ನವಿರೇಳುತ್ತದೆ.

2019ರಲ್ಲಿ, ಎನ್‌ಬಿಎಲ್1 ಲೀಗಿನ ಮೊದಲ ವರ್ಷ, ಪುರುಷರೂ ಪ್ರಶಸ್ತಿ ಗೆದ್ದರು. ಮಗಳಿಗೆ ಮನೆಗೆ ಬರುವ ದಾರಿಯುದ್ದಕ್ಕೂ ಆ ಆರು ಪ್ರಶಸ್ತಿಗಳ ಕಥೆಯನ್ನೇ ಹೇಳಿದೆ.