ಲಕ್ಷ ಜನ ಕೂರುವ ಸ್ಟೇಡಿಯಂ ಯಾಕೆ ಕಟ್ಟಲ್ಲ?

ಇಂಗ್ಲಿಷ್ ಫುಟ್‌ಬಾಲ್ ನೋಡುವ ಗೆಳೆಯರೆಲ್ಲ ನನ್ನನ್ನು ಕೇಳುವುದು ಇದೇ. ಅಹಮದಾಬಾದಿನಲ್ಲಿ 1.32 ಲಕ್ಷ ಜನ ಕೂರಬಹುದು. ಒಬ್ಬ ಆಟಗಾರನಿಗೆ ನೂರಾರು ಕೋಟಿ ಸುರಿಯುವ ಲಂಡನ್ನಿನ ಚೆಲ್ಸಿ ಕ್ಲಬ್ ಮಾತ್ರ ಸುಮಾರು 40 ಸಾವಿರ ಸೀಟಿಗೇ ಯಾಕೆ ನಿಂತಿದೆ?

ದುಡ್ಡಿಗಿಂತ ಜಾಸ್ತಿ ಕಾಡುವುದು ಅಕ್ಕಪಕ್ಕದವರು. ಅಲ್ಲಿನ ಹಳೇ ಮೈದಾನಗಳು ಹೆಚ್ಚಾಗಿ ವಸತಿ ಬೀದಿಗಳ ನಡುವೆ ಇವೆ. ಲೂಟನ್ ಕ್ಲಬ್ಬಿನ ಕೆನಿಲ್‌ವರ್ತ್ ರೋಡ್ ಮೈದಾನದಲ್ಲಿ ಎದುರಾಳಿ ತಂಡದ ಅಭಿಮಾನಿಗಳು ಒಳಗೆ ಹೋಗುವ ಗೇಟು ಮನೆಗಳ ಸಾಲಿನ ನಡುವೆಯೇ ಇದೆ. ಮೆಟ್ಟಿಲು ಹತ್ತುವಾಗ ಕೆಳಗೆ ಯಾರದ್ದೋ ಹಿತ್ತಿಲು ಕಾಣುತ್ತದೆ!

ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್ ಮೈದಾನ ಟಿವಿಯಲ್ಲಿ ನೋಡಿದ್ದೀರಲ್ವಾ? ಎರಡು ಕಡೆ ಸ್ಟ್ಯಾಂಡ್ ಮುಗಿಲಿಗೆ ಏರಿದೆ, ಪೂರ್ವದ್ದು ಗಿಡ್ಡ. ಅದರ ಬೆನ್ನಿಗೇ ಲೀಝಸ್ ಟೆರೇಸ್ ಎಂಬ 19ನೇ ಶತಮಾನದ ಮನೆಗಳ ಸಾಲಿದೆ. ಸಂರಕ್ಷಿತ ಕಟ್ಟಡಗಳಲ್ಲಿ ಅತಿ ಮೇಲಿನ ದರ್ಜೆಯದು. ಕೆಡವುವ ಮಾತೇ ಇಲ್ಲ.

ಚೆಲ್ಸಿಯ ಕತೆ ಇನ್ನೂ ಮಜಾ. 60 ಸಾವಿರ ಸೀಟಿನ ಹೊಸ ಸ್ಟೇಡಿಯಂಗೆ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಪಕ್ಕದ ಒಂದು ಕುಟುಂಬ ಕೋರ್ಟಿಗೆ ಹೋಯಿತು: ನಮ್ಮ ಮನೆಯ ಬೆಳಕು ಹೋಗುತ್ತದೆ ಅಂತ. ಇಂಗ್ಲೆಂಡಿನಲ್ಲಿ ಕಿಟಕಿಗೆ 20 ವರ್ಷ ಅಡ್ಡಿಯಿಲ್ಲದೆ ಬೆಳಕು ಬಂದಿದ್ದರೆ ಅದರ ಮೇಲೆ ಮನೆಯವರಿಗೆ ಹಕ್ಕು ಹುಟ್ಟುತ್ತದೆ. ಅಭಿಮಾನಿಗಳು ಸಿಟ್ಟಾದರು, ನನಗೇನೋ ಆ ಮನೆಯವರು ಕೇಳಿದ್ದು ನ್ಯಾಯವೇ ಅನ್ನಿಸಿತು. 2018ರ ಜನವರಿಯಲ್ಲಿ ಸ್ಥಳೀಯ ಕೌನ್ಸಿಲ್ ತನ್ನ ಅಧಿಕಾರ ಬಳಸಿ ದಾರಿ ಮಾಡಿಕೊಟ್ಟಿತು. ಮೇ ಬಂದಾಗ ಕ್ಲಬ್ಬೇ ಕೈಬಿಟ್ಟಿತು, ಹೂಡಿಕೆಗೆ ಕಾಲ ಸರಿಯಿಲ್ಲವಂತೆ.

ಬೇರೆ ಕಡೆ ಹೋಗಲಿ ಅನ್ನುತ್ತೀರಾ? 2006ರಲ್ಲಿ ಆರ್ಸೆನಲ್ ಹೋಯಿತು, 2025ರಲ್ಲಿ ಎವರ್ಟನ್ ಹಡಗುಕಟ್ಟೆಯ ಜಾಗಕ್ಕೆ ಹೋಯಿತು. ಚೆಲ್ಸಿಗೆ ಅದೂ ಸಲೀಸಲ್ಲ. ಮೈದಾನದ ನೆಲ ಅಭಿಮಾನಿಗಳು ಷೇರು ಹಾಕಿರುವ ಚೆಲ್ಸಿ ಪಿಚ್ ಓನರ್ಸ್ ಎಂಬ ಕಂಪನಿಯದು. ಅವರ ಒಪ್ಪಿಗೆಯಿಲ್ಲದೆ ಜಾಗ ಬಿಟ್ಟರೆ 'ಚೆಲ್ಸಿ ಫುಟ್‌ಬಾಲ್ ಕ್ಲಬ್' ಎಂಬ ಹೆಸರನ್ನೂ ಬಿಡಬೇಕು. ಒಂದು ಕಾಲದಲ್ಲಿ ಬಿಲ್ಡರ್‌ಗಳ ಕಣ್ಣು ಈ ನೆಲದ ಮೇಲಿತ್ತು, ಆ ಭಯಕ್ಕೆ ಮಾಡಿಕೊಂಡ ಏರ್ಪಾಡು ಇದು.

ಇನ್ನೊಂದು ವಿಷಯ, ಹಿಂದೆ ಜನ ನಿಂತು ನೋಡುತ್ತಿದ್ದರು. ಲಿವರ್‌ಪೂಲ್‌ನ ಕಾಪ್ ಸ್ಟ್ಯಾಂಡ್ ಒಂದರಲ್ಲೇ 25 ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತಿದ್ದರು. 1989ರಲ್ಲಿ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನಿಂದ 97 ಜನ ಸತ್ತರು. ಆಮೇಲೆ ದೊಡ್ಡ ಕ್ಲಬ್‌ಗಳೆಲ್ಲ ಸೀಟು ಹಾಕಬೇಕಾಯಿತು, ಕಾಪ್ ಅರ್ಧಕ್ಕಿಳಿಯಿತು. ಇದಕ್ಕೆ ಯಾರೂ ತಕರಾರು ಮಾಡಬಾರದು.

ಲಕ್ಷದ ಕನಸು ಈಗ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಿದ್ದಿದೆ. ಅವರ ಈಗಿನ ಮೈದಾನ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಸುಮಾರು 74 ಸಾವಿರ ಸೀಟಿವೆ, ಒಂದು ಸ್ಟ್ಯಾಂಡಿನ ಹಿಂದೆಯೇ ರೈಲು ಹಳಿ. ಪಕ್ಕದಲ್ಲೇ 1 ಲಕ್ಷ ಸೀಟಿನ ಹೊಸ ಸ್ಟೇಡಿಯಂ ಕಟ್ಟುತ್ತೇವೆ ಅಂತ 2025ರ ಮಾರ್ಚ್‌ನಲ್ಲಿ ಘೋಷಿಸಿದರು. ಖರ್ಚು ಸುಮಾರು 2 ಬಿಲಿಯನ್ ಪೌಂಡ್. ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಸಂಸ್ಥೆ ಮಾಡಿದ ಚಿತ್ರದಲ್ಲಿ ದೊಡ್ಡ ಕೊಡೆಯಂಥ ಚಾವಣಿಯೂ ಇತ್ತು. ಆದರೆ ಯೋಜನೆಗೆ ಪಕ್ಕದ ಗೂಡ್ಸ್ ರೈಲು ಟರ್ಮಿನಲ್ ಜಾಗವೂ ಬೇಕು. ಮೊದಲು ಅದನ್ನು ಎತ್ತಿಸಬೇಕು. ಟಿಕೆಟ್ ದರ ಎಷ್ಟಾಗುತ್ತದೆ ಅನ್ನುವುದು ಆಮೇಲಿನ ಮಾತು.